ವಿಮಾನ ಹತ್ತಿದ ಆನೆಮರಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅಣ್ಣನ ಮಗ ಹೊಸ ಮನೆ ಮಾಡಿದ್ದಾನೆ. ಹಾಲ್‌ನಲ್ಲಿ ಟಿ.ವಿ. ಪಕ್ಕ ಶೆಲ್ಫಿನ ಅಂಚಿಗೆ ಒಂದು ಗಡಿಯಾರ ಜೋತು ಬಿದ್ದಿದೆ. ಅರ್ಧ ಮೇಲೆ, ಅರ್ಧ ಕೆಳಗೆ. ಆರು ಎಲ್ಲಿ, ಏಳು ಎಲ್ಲಿ, ಒಂದೂ ತಿಳಿಯುವುದಿಲ್ಲ. ನನಗೆ ಧಾರವಾಡದ ಚಿಗರಿ ಬಸ್ಸು ಹಿಡಿಯುವ ಅವಸರ. "ಟೈಮ್ ಎಷ್ಟಾತೋ?" ಅಂದೆ. "ಅದು ಟೈಮ್ ನೋಡಾಕ ಅಲ್ರಿ ಕಾಕಾ, ಆರ್ಟ್ ಐತಿ" ಅಂದ.

ಹಾಗಾದರೆ ಸೆಲ್ ಯಾಕಪ್ಪಾ ಹಾಕಿದ್ದಿ?

ಈ ಗಡಿಯಾರದ ಮೂಲ ಒಂದು ಚಿತ್ರ, ಸ್ಪೇನಿನ ಉದ್ದ ಮೀಸೆಯ ಚಿತ್ರಕಾರ ಸಾಲ್ವಡಾರ್ ಡಾಲಿಯದು. 1931ರಲ್ಲಿ ಬರೆದದ್ದು. ಬರೀ 24 ಸೆಂ.ಮೀ. ಎತ್ತರ, 33 ಅಗಲ. ಕರಗಿದ ಗಡಿಯಾರ ಕಂಡ ಪಂಡಿತರು, ಕಾಲವೂ ಹಿಗ್ಗುತ್ತದೆ, ಕುಗ್ಗುತ್ತದೆ ಅಂದ ಐನ್‌ಸ್ಟೈನ್ ತನಕ ಓಡಿದರು. ಡಾಲಿ ಮಾತ್ರ, ಬಿಸಿಲಿಗೆ ಕರಗುವ ಚೀಸ್ ನೋಡಿ ಹೊಳೆಯಿತು ಅಂದುಬಿಟ್ಟ. ಆ ಒಂದು ಮಾತಿಗೆ ಅವನ ಮೇಲೆ ನನಗೆ ಸ್ವಲ್ಪ ಪ್ರೀತಿ.

ಸ್ವಲ್ಪ ಮಾತ್ರ. 1926ರಲ್ಲಿ ಮ್ಯಾಡ್ರಿಡ್‌ನ ಕಲಾಶಾಲೆಯಲ್ಲಿ, ನನ್ನನ್ನು ಪರೀಕ್ಷೆ ಮಾಡುವ ಯೋಗ್ಯತೆ ನಿಮಗಿಲ್ಲ ಅಂತ ಮಾಸ್ತರರಿಗೇ ಹೇಳಿ ಹೊರಬಿದ್ದ. 1936ರಲ್ಲಿ ಲಂಡನ್ನಿನಲ್ಲಿ ಮುಳುಗುಗಾರರ ಉಡುಪು ಹಾಕಿಕೊಂಡು ಭಾಷಣಕ್ಕೆ ನಿಂತ. ಒಳಗೆ ಉಸಿರು ಕಟ್ಟಿತು. ಕೈಕಾಲು ಬಡಿದರೆ ಜನ ಇದೂ ಆರ್ಟ್ ಅಂದುಕೊಂಡರಂತೆ! ಧಾರವಾಡದಲ್ಲಿ ಹೀಗೆ ಮಾಡಿದ್ದರೆ ನೇರ ಯಾವ ದವಾಖಾನೆಗೆ ಒಯ್ಯುತ್ತಿದ್ದರು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಕನಸಿನಲ್ಲಿ ಕಂಡ ಹಾಗೆ ಚಿತ್ರ ಬರೆಯುವ ಡಾಲಿಯವರ ಪಂಥ, ಅತಿವಾಸ್ತವವಾದ, ಅದರ ಬಗ್ಗೆ ಬರೆಯಲು ಕೂತವನು ನಾನು. ಆದರೆ ನಡುವೆ ಆನೆ ಬಂತು.

1967ರಲ್ಲಿ ಏರ್ ಇಂಡಿಯಾದವರು ತಮ್ಮ ಗಣ್ಯ ಪ್ರಯಾಣಿಕರಿಗೆ ಕೊಡಲು ಒಂದು ಆಶ್‌ಟ್ರೇ ಮಾಡಿಕೊಡು ಅಂತ ಡಾಲಿಯನ್ನು ಕೇಳಿದರು. ಮಾಡಿಕೊಟ್ಟ. ಹಂಸವನ್ನು ತಿರುವಿ ಹಾಕಿದರೆ ಆನೆ ಕಾಣಬೇಕು, ಅದು ಕರಾಮತ್ತು. 1937ರ ಒಂದು ಚಿತ್ರದಲ್ಲೂ ಅವನದು ಇದೇ ಆಟ: ಕೆರೆಯ ಮೇಲೆ ಹಂಸ, ನೀರೊಳಗಿನ ನೆರಳು ಆನೆ. ಹಳೇ ಸರಕನ್ನೇ ಇನ್ನೊಮ್ಮೆ ಮಾರಿದ, ಇರಲಿ. ಕೂಲಿ ಏನು ಕೇಳಿದ ಗೊತ್ತೇ? ದುಡ್ಡು ಬೇಡ, ಒಂದು ಆನೆಮರಿ ಕೊಡಿ ಅಂದ.

ಅವರೂ ಕೊಟ್ಟರು! ಎಲ್ಲಿಂದ? ನಮ್ಮ ಬೆಂಗಳೂರಿನಿಂದ. ಮರಿಯನ್ನು ವಿಮಾನ ಹತ್ತಿಸಿ ಜಿನೀವಾಕ್ಕೆ ಒಯ್ದರು. ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಲತೀರದ ಕಡಾಕೆಸ್ ಊರಿಗೆ. ಈಗ ನಾವು ಎರಡು ಕಿಲೋ ಪೇಢೆ ಜಾಸ್ತಿ ಒಯ್ದರೆ ತೂಕಕ್ಕೆ ಹಚ್ಚಿ ರೊಕ್ಕ ಕೀಳುತ್ತಾರೆ. ಆನೆಯನ್ನು ಯಾವ ತಕ್ಕಡಿಗೆ ಹಚ್ಚಿದರೋ! ವಿಮಾನ ಮೇಲೇಳುವಾಗ ಅದು ಘೀಳಿಟ್ಟಿತೋ, ಲದ್ದಿ ಹಾಕಿತೋ, ಅದನ್ನು ಬಳಿದವರು ಯಾರೋ. ದೊಡ್ಡವರ ಹುಚ್ಚಿಗೆ ಕಸಬರಿಗೆ ಹಿಡಿಯುವವರು ಯಾವಾಗಲೂ ಬೇರೆಯವರೇ. ಇಷ್ಟೆಲ್ಲ ಮಾಡಿ ತಂದ ಮರಿ ಡಾಲಿಯ ಹತ್ತಿರ ನಿಂತಿತೇ? ಇಲ್ಲ. ಕೊನೆಗೆ ವೆಲೆನ್ಸಿಯಾದ ಝೂ ಸೇರಿತು.

ಜೊತೆಗೆ ಒಬ್ಬ ಮಾವುತನೂ ಹೋಗಿದ್ದನಂತೆ. ನನಗೆ ಈಗ ಅವನದೇ ಚಿಂತೆ. ಆ ಊರಲ್ಲಿ ಊಟಕ್ಕೆ ಏನು ಮಾಡಿದ? ಆನೆಗೆ ಯಾವ ಭಾಷೆಯಲ್ಲಿ ಏಳು, ಕೂಡು ಅನ್ನಬೇಕು ಅಂತ ಅಲ್ಲಿಯವರಿಗೆ ಹೇಗೆ ಕಲಿಸಿದ? ವಾಪಸ್ ಬಂದಮೇಲೆ "ಮರಿ ಯಾರಿಗೆ ಕೊಟ್ಟು ಬಂದ್ರಿ?" ಅಂತ ಹೆಂಡತಿ ಕೇಳಿದ್ದರೆ, ಸಿಗರೇಟಿನ ಬೂದಿ ಕೊಡಹುವ ಬಟ್ಟಲು ಮಾಡಿದ ಮೀಸೆಯವನಿಗೆ ಅಂದನೇ? ನಂಬಿದಳೇ? ಆ ಮೀಸೆಯ ಫೋಟೋಗಳದೇ ಒಂದು ಪುಸ್ತಕ 1954ರಲ್ಲಿ ಬಂದಿದೆ. ಮಾವುತನದೂ ಒಂದು ಬಂದಿದ್ದರೆ ನಾನು ರೊಕ್ಕ ಕೊಟ್ಟು ತಗೊಳ್ಳುತ್ತಿದ್ದೆ.