ಮಾವಿನ ವಠಾರ

ನಮ್ಮದು 30×40 ಸೈಟು. ಮನೆ, ಸಂಪು, ಸ್ಕೂಟರ್ ನಿಲ್ಲಿಸುವ ಜಾಗ ಎಲ್ಲಾ ಕಳೆದರೆ ಹಿತ್ತಲಲ್ಲಿ ಉಳಿಯುವುದು ಒಂದು ಮರ ನಿಲ್ಲುವಷ್ಟು ಮಣ್ಣು. ಮರ ಒಂದು, ಮನೆಯಲ್ಲಿ ನಾಲಗೆ ನಾಲ್ಕು. ತಕರಾರು ಶುರುವಾಗಿದ್ದೇ ಅಲ್ಲಿ.

ಅಪ್ಪನ ಪ್ರಕಾರ ಮಾವು ಅಂದರೆ ರಸಪುರಿ, ಉಳಿದದ್ದೆಲ್ಲ ತರಕಾರಿ. ಹೆಂಡತಿ ಧಾರವಾಡದವಳು, ಅವಳಿಗೆ ಆಪೂಸೇ ಆಗಬೇಕು. ಆಪೂಸು ಅಂದರೆ ನಮ್ಮ ಮೈಸೂರಿನ ಕಡೆ ಬಾದಾಮಿ ಅನ್ನುತ್ತೇವಲ್ಲ, ಅದೇ. ಆದರೆ ಹಾಗಂತ ಅವಳ ಎದುರು ಹೇಳುವ ಹಾಗಿಲ್ಲ. "ನಿಮ್ಮ ಬಾದಾಮಿನೇ ಬ್ಯಾರೆ ರೀ" ಅಂತಾಳೆ. ಮಗಳಿಗೆ ಮಲ್ಲಿಕಾ. ನನಗೆ ಉಪ್ಪುಖಾರ ಸವರಿದ ಗಿಣಿಮೂತಿ ಕಾಯಿಯ ಒಂದು ಹೋಳು ಸಿಕ್ಕರೆ ಸಾಕು, ಹಣ್ಣಿನ ತನಕ ಕಾಯುವುದೇ ಇಲ್ಲ.

ಇಂಥ ಹೊತ್ತಿನಲ್ಲೇ ಬೀದಿಯಲ್ಲಿ ಗಿಡ ಮಾರುವ ಗಾಡಿ ಬಂತು. "ಒಂದೇ ಗಿಡ, ಐದು ಜಾತಿ ಹಣ್ಣು" ಅಂತ ಮೈಕಿನಲ್ಲಿ ಕೂಗುತ್ತಿತ್ತು. ಗಿಡದ ಐದು ರೆಂಬೆಗೆ ಐದು ಬಣ್ಣದ ಚೀಟಿ. ಚೌಕಾಸಿಯನ್ನೂ ಮಾಡದೆ ಕೊಂಡೆ. ಎರಡು ರೆಂಬೆ ಮೊದಲ ಬೇಸಿಗೆಯಲ್ಲೇ ಒಣಗಿದವು. ಉಳಿದ ಮೂರನ್ನು ನಾಲ್ಕು ವರ್ಷ ಸಾಕಿದ್ದಾಯಿತು. ಹೂ ಬಂತು, ಪೀಚಾಯಿತು, ಕಾಯಾಯಿತು. ನೋಡಿದರೆ ಮೂರೂ ರೆಂಬೆಯಲ್ಲಿ ಒಂದೇ ಥರದ ಉದ್ದ ಕಾಯಿ, ತುದಿಯಲ್ಲಿ ಕೊಕ್ಕು. ಮೂರೂ ಗಿಣಿಮೂತಿ! ನಾನೊಬ್ಬ ಬಿಟ್ಟರೆ ಮನೆಯಲ್ಲಿ ಎಲ್ಲರಿಗೂ ಮೋಸವಾಗಿತ್ತು. ನಾನೇ ಗಾಡಿಯವನ ಜೊತೆ ಮಾತಾಡಿಕೊಂಡು ಈ ಗಿಡ ತಂದೆ ಎನ್ನುವ ಅನುಮಾನ ಹೆಂಡತಿಗೆ ಇವತ್ತಿಗೂ ಇದೆ.

ಸಿಟ್ಟಿನಲ್ಲಿ ನಾನೇ ಕಸಿ ಕಟ್ಟಲು ಹೊರಟೆ. ಏಪ್ರಿಲ್ ಬಿಸಿಲು, ತರಕಾರಿ ಹೆಚ್ಚುವ ಚಾಕು, ಆಗಷ್ಟೇ ಮುರಿದು ತಂದ ಕಡ್ಡಿ. ಐದು ಕಟ್ಟಿದೆ. ವಾರದಲ್ಲಿ ಐದೂ ಊದುಬತ್ತಿಯ ಕಡ್ಡಿಯಾದವು.

ಕೊನೆಗೆ ನರ್ಸರಿಯಲ್ಲಿ ಮೂವತ್ತು ವರ್ಷ ಕಸಿ ಕಟ್ಟಿದ ಒಬ್ಬ ಹಿರಿಯರನ್ನು ಹುಡುಕಿ ಕರೆತಂದೆ. ಅವರು ಮರದ ಸುತ್ತ ಒಂದು ಸುತ್ತು ಬಂದು, ನನ್ನ ಐದು ಊದುಬತ್ತಿಗಳನ್ನೂ ನೋಡಿ, ಏನೂ ಅನ್ನಲಿಲ್ಲ. ಅದೇ ದೊಡ್ಡ ಬೈಗುಳವಾಗಿತ್ತು. ಎರಡು ದಪ್ಪ ರೆಂಬೆಯನ್ನು ಅಲ್ಲೇ ಮೊಟಕು ಮಾಡಿದರು. "ಇಲ್ಲಿ ಹೊಸ ಚಿಗುರು ಬರ್ಲಿ. ಆರಿದ್ರಾ ಮಳೆ ಹಿಡೀಲಿ. ಆಮೇಲೆ ಬತ್ತೀನಿ ಸ್ವಾಮಿ. ಕಡ್ಡಿ ತರ್ಸಿಟ್ಟಿರಿ" ಅಂದರು.

ಕಡ್ಡಿ ತರಿಸುವುದೂ ಸುಮ್ನೆ ಅಲ್ಲ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳ ಬಲಿತ ಕುಡಿ ಬೇಕು. ಅದನ್ನು ಮರದಲ್ಲೇ ಇರುವಾಗ ಹತ್ತು ದಿನ ಮೊದಲು ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಬೇಕು. ತೊಟ್ಟು ಮುಟ್ಟಿದರೆ ಉದುರುವಂತಾಗಿ, ತುದಿಯ ಮೊಗ್ಗು ಉಬ್ಬಿತೆಂದರೆ ಕಡ್ಡಿ ತಯಾರು. ರಸಪುರಿ ಕಡ್ಡಿ ನಂಜನಗೂಡಿನ ಹತ್ತಿರ ಇರುವ ಅಪ್ಪನ ಊರಿನಿಂದ ಬಂತು. ಮಲ್ಲಿಕಾ ಸ್ನೇಹಿತರ ತೋಟದ್ದು. ಆಪೂಸು ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ನನ್ನ ಭಾವಮೈದನ ಜೊತೆ ಬಂತು. ಒದ್ದೆ ಬಟ್ಟೆ, ಅದರ ಮೇಲೆ ಬಾಳೆಪಟ್ಟೆ, ಅದರ ಮೇಲೆ ನ್ಯೂಸ್‌ಪೇಪರು. ಪೇಡೆ ಡಬ್ಬಿಯನ್ನು ಮೇಲೆ ಲಗೇಜಿನ ಜಾಗದಲ್ಲಿಟ್ಟು, ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

ಕಸಿ ಕಟ್ಟುವುದನ್ನು ನಾನು ಅರ್ಧ ಅಡಿ ದೂರದಿಂದ ನೋಡಿದೆ. ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಒಂದೊಂದೇ ಎಳೆತಕ್ಕೆ ಹೆರೆದು ಆಪಿನ ಹಾಗೆ ಮಾಡಿದರು. ಎರಡನೇ ಸಲ ಚಾಕು ಆಡಿಸಲೇ ಇಲ್ಲ. ಚಿಗುರಿನ ತುದಿ ಕತ್ತರಿಸಿ, ನಡುವೆ ಸೀಳಿ, ಆಪನ್ನು ಅದರೊಳಗೆ ಇಳಿಸಿದರು. ಕಡ್ಡಿ ಸ್ವಲ್ಪ ಸಣ್ಣದಿತ್ತು. ನಾನಾಗಿದ್ದರೆ ಚೆಂದಕ್ಕೆ ನಟ್ಟನಡುವೆ ಕೂರಿಸುತ್ತಿದ್ದೆ. ಅವರು ಒಂದು ಮಗ್ಗುಲಿಗೆ ಸರಿಸಿ, ತೊಗಟೆಗೆ ತೊಗಟೆ ಸೇರಿಸಿದರು. ತೊಗಟೆಯ ಕೆಳಗೆ ತೆಳ್ಳಗೆ ಹಸಿರು ಪದರ ಇರುತ್ತದಲ್ಲ, ಕೂಡಿಕೊಳ್ಳುವುದು ಅದು ಮಾತ್ರ. ಒಂದು ಕಡೆ ಸೇರಿದರೂ ಸಾಕು, ಎರಡೂ ಕಡೆ ತಪ್ಪಿದರೆ ಊದುಬತ್ತಿಯೇ ಗತಿ. ಪ್ಲಾಸ್ಟಿಕ್ ಪಟ್ಟಿ ಬಿಗಿದು ಸುತ್ತಿ, ಜೇಬಿನಿಂದ ಐಸ್‌ಕ್ಯಾಂಡಿ ಕವರ್ ತೆಗೆದು ಕಡ್ಡಿಗೆ ಟೋಪಿಯ ಹಾಗೆ ಹಾಕಿ ಕೆಳಗೆ ಗಂಟು ಹಾಕಿದರು. ಒಳಗೆ ಪಸೆ ಆರಬಾರದಂತೆ. ಮೂರು ವಾರಕ್ಕೆ ಕವರಿನೊಳಗೆ ತಾಮ್ರದ ಬಣ್ಣದ ಚಿಗುರು ಮಡಚಿಕೊಂಡು ಕೂತಿತ್ತು. ಮಗಳು ಹೋಗಿ ಮೊದಲು ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಬಂದಳು.

ನಾಲ್ಕು ಜಾತಿಯ ಈ ಮರ ನೋಡಿದವರೆಲ್ಲ "ಒಳ್ಳೇ ಕೂಡುಕುಟುಂಬ ಕಣ್ರೀ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೂಡುಕುಟುಂಬದಲ್ಲಿ ಒಬ್ಬರ ಗುಣ ಇನ್ನೊಬ್ಬರಿಗೆ ಸ್ವಲ್ಪವಾದರೂ ತಾಕುತ್ತದೆ. ಇಲ್ಲಿ ಹಾಗಿಲ್ಲ. ಮಲ್ಲಿಕಾ ಪಕ್ಕದಲ್ಲೇ ಹತ್ತು ವರ್ಷ ಇದ್ದರೂ ಗಿಣಿಮೂತಿ ಒಂದು ಗುಲಗಂಜಿಯಷ್ಟೂ ಸಿಹಿಯಾಗುವುದಿಲ್ಲ. ಇದು ವಠಾರ. ನಲ್ಲಿ ಒಂದೇ, ಅಡುಗೆಮನೆ ಬೇರೆ ಬೇರೆ. ಗಿಣಿಮೂತಿ ಮೊದಲು ಬಂದ ಬಾಡಿಗೆದಾರ. ಉಳಿದವರೆಲ್ಲ ಅದರ ಹತ್ತಿರ ಒಳಬಾಡಿಗೆಗೆ ಇದ್ದಾರೆ.

ವಠಾರ ಅಂದ ಮೇಲೆ ನೀರಿನ ಜಗಳ ಇದ್ದೇ ಇರುತ್ತದಲ್ವಾ? ಜೋರಾದ ರೆಂಬೆ ಎಲ್ಲವನ್ನೂ ಹೀರಿ ಬೆಳೆಯುತ್ತದೆ, ಮೆತ್ತಗಿನದು ಅಲ್ಲೇ ಸೊರಗುತ್ತದೆ. ಮಲ್ಲಿಕಾ ಹಿಡಿದ ಖುಷಿಗೆ ಆಮ್ರಪಾಲಿಯನ್ನೂ ಕಟ್ಟಿಸಿದ್ದೆ. ಎರಡೂ 1970ರ ದಶಕದಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಮಲ್ಲಿಕಾಗೆ ನೀಲಂ ತಾಯಿ, ದಶೇರಿ ತಂದೆ. ಆಮ್ರಪಾಲಿಗೆ ಅದೇ ಜೋಡಿ, ಅಪ್ಪ ಅಮ್ಮ ಅದಲುಬದಲು. ಅಷ್ಟಕ್ಕೇ ಒಂದು ಎತ್ತರ, ಇನ್ನೊಂದು ಕುಳ್ಳಿ! ಕುಳ್ಳಿಯನ್ನು ನಾನು ಕೆಳಗಿನ ರೆಂಬೆಗೆ ಕಟ್ಟಿಸಿಬಿಟ್ಟಿದ್ದೆ. ಅಕ್ಕನ ನೆರಳಿನಲ್ಲಿ ಅದು ಎರಡೇ ವರ್ಷ ಬದುಕಿತು. "ಜೋರಿಂದು ಕೆಳಗೆ, ಮೆತ್ತಗಿಂದು ಮೇಲೆ ಅಂತ ಅವತ್ತೇ ಹೇಳಿದ್ನಲ್ಲ ಸ್ವಾಮಿ" ಅಂದರು ಯಜಮಾನರು. ಹೇಳಿದ್ದರು. ನಾನು ಆಗ ಫೋಟೋ ತೆಗೆಯುತ್ತಿದ್ದೆ.

ಇನ್ನೊಂದು ತಪ್ಪು ಪ್ಲಾಸ್ಟಿಕ್ ಪಟ್ಟಿಯದು. ಎರಡು ಮೂರು ತಿಂಗಳಿಗೆ ಅದನ್ನು ಬಿಚ್ಚಬೇಕು. ರಸಪುರಿಯ ಒಂದು ಕಸಿಗೆ ಬಿಚ್ಚಲು ಮರೆತೆ. ರೆಂಬೆ ದಪ್ಪವಾಯಿತು, ಪಟ್ಟಿ ಕತ್ತಿಗೆ ಬಿಗಿದ ಹುರಿಯ ಹಾಗೆ ಒಳಗೆ ಇಳಿಯಿತು. ಒಂದು ಸಂಜೆ ಗಾಳಿಗೆ ಲಟಕ್ ಅಂತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಪುಣ್ಯಕ್ಕೆ ಇನ್ನೊಂದು ರಸಪುರಿ ಉಳಿದಿತ್ತು.

ಆದರೆ ಹಣ್ಣಿನ ಕಾಲದಲ್ಲಿ ಇದೆಲ್ಲ ಮರೆತುಹೋಗುತ್ತದೆ. ಏಪ್ರಿಲ್ ಕೊನೆಗೆ ಆಪೂಸು ಶುರು. ಆಮೇಲೆ ರಸಪುರಿ. ಅದು ಮುಗಿಯುವ ಹೊತ್ತಿಗೆ ಗಿಣಿಮೂತಿ ಬಲಿತಿರುತ್ತದೆ, ಜುಲೈ ಮಳೆಯಲ್ಲಿ ಮಲ್ಲಿಕಾ. ಒಂದೇ ಜಾತಿಯ ಮರವಾಗಿದ್ದರೆ ಎರಡು ವಾರದಲ್ಲಿ ಎಲ್ಲಾ ಹಣ್ಣಾಗಿ, ಬುಟ್ಟಿ ಹಿಡಿದು ಬೀದಿಯವರಿಗೆಲ್ಲ ಹಂಚಬೇಕಿತ್ತು. ಆಪೂಸು ಒಂದು ವರ್ಷ ಬಿಟ್ಟರೆ ಮರುವರ್ಷ ರಜೆ. ಮೊದಲ ಹಣ್ಣನ್ನು ಹೆಂಡತಿ ಕಣ್ಣು ಮುಚ್ಚಿ ತಿಂದಳು. "ಆಪೂಸ ಖರೆ. ಆದ್ರ ನಮ್ಮೂರ ರುಚಿ ಇಲ್ರೀ" ಅಂದಳು. ಹಾಗಂದವಳು ವಾಟೆಯನ್ನು ಮಾತ್ರ ಬೆಳ್ಳಗಾಗುವ ತನಕ ಬಿಡಲಿಲ್ಲ.

ಉತ್ತರ ಪ್ರದೇಶದ ಮಲಿಹಾಬಾದಿನಲ್ಲಿ ಹಾಜಿ ಕಲೀಮುಲ್ಲಾ ಖಾನ್ ಒಂದೇ ಮಾವಿನ ಮರದಲ್ಲಿ 300ಕ್ಕೂ ಹೆಚ್ಚು ಜಾತಿ ಕಟ್ಟಿದ್ದಾರೆ. 2008ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನಗೆ ನಾಲ್ಕು ಜಾತಿಯ ಹೆಸರು ನೆನಪಿಡಲು ನಾಲ್ಕು ಬಣ್ಣದ ಬಟ್ಟೆ ಕಟ್ಟಬೇಕಾಯಿತು. ಅದನ್ನು ನೋಡಿ ಯಾರೋ ಹರಕೆಯ ಮರ ಅಂದುಕೊಂಡು ಬುಡಕ್ಕೆ ಕುಂಕುಮ ಹಚ್ಚಿ ಹೋಗಿದ್ದರು.

ಕುಂಕುಮ ಒರೆಸಲು ಕೂತಾಗಲೇ ಬುಡವನ್ನು ಸರಿಯಾಗಿ ನೋಡಿದ್ದು. ಎಲ್ಲಕ್ಕಿಂತ ಕೆಳಗೆ, ಮೊದಲ ಕಸಿಯ ಗಂಟಿಗಿಂತ ಕೆಳಗೆ, ಒಂದು ಗೇಣು ಕಾಂಡ ಇದೆ. ಇಷ್ಟು ಸಂಸಾರಕ್ಕೂ ನೀರು ಹೊರುವುದು ಅದೇ. ಅದು ಯಾವ ಜಾತಿ? ಯಾರೂ ಕೇಳಿಲ್ಲ. ಯಾವುದೋ ಜ್ಯೂಸ್ ಅಂಗಡಿಯ ಹಿಂದಿನ ರಾಶಿಯಿಂದ ಆಯ್ದ ನಾಟಿ ವಾಟೆ ಇರಬೇಕು. ವಠಾರದ ಓನರ್ ಅದು. ಆದರೆ ಅದರ ಹಣ್ಣನ್ನು ಯಾರೂ ತಿಂದಿಲ್ಲ. ಅಲ್ಲಿಂದ ಚಿಗುರು ಬಂದರೆ ಚಿವುಟಿ ಹಾಕಬೇಕು, ಇಲ್ಲದಿದ್ದರೆ ಮೇಲಿನ ಕಸಿಗಳನ್ನೆಲ್ಲ ಅದೇ ನುಂಗುತ್ತದೆ ಎಂದು ಯಜಮಾನರು ಎಚ್ಚರಿಸಿದ್ದರು. ಹತ್ತು ವರ್ಷ ನಾನೂ ಚಿವುಟಿದ್ದೆ.

ಹೋದ ವರ್ಷ ಒಂದು ಚಿಗುರನ್ನು ಚಿವುಟಲಿಲ್ಲ. ಹುಳಿಯೋ ಸಿಹಿಯೋ ನಾರೋ, ಒಂದು ಸಲ ನೋಡೋಣ ಅನ್ನಿಸಿತು. ವಾಟೆಯ ಚಿಗುರು ಹೂ ಬಿಡಲು ಎಷ್ಟೋ ವರ್ಷ ಬೇಕು, ಗೊತ್ತು. ಬಿಟ್ಟೆ. ಯಾರಿಗೂ ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ಸೊಂಟದ ತನಕ ಬಂದಿತ್ತು.

ಹಬ್ಬದ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಿಗೆ ಹಸಿರು ತೋರಣ. ಪಕ್ಕದ ಮನೆಯ ಬಾಗಿಲಿಗೂ ಅಂಥದೇ ತೋರಣ. ಹಿತ್ತಲಿಗೆ ಓಡಿದೆ. ನನ್ನ ಚಿಗುರು ತುದಿಯಲ್ಲಿ ಎರಡೆಲೆ ಹೊತ್ತುಕೊಂಡು ಬೋಳಾಗಿ ನಿಂತಿತ್ತು.

"ಅಪ್ಪಾ, ಇದರದ್ದು ಯಾಕೆ ಕಿತ್ರಿ?"

"ಬಾಡಿಗೆದಾರರ ರೆಂಬೆ ಮುಟ್ಟಬೇಡಿ ಅಂದವನು ನೀನೇ ಅಲ್ವೇನೋ?" ಅಪ್ಪ ಬೇವಿನ ಹೂ ಬಿಡಿಸುತ್ತಾ ತಲೆಯೆತ್ತದೆ ಹೇಳಿದರು. "ಅದಕ್ಕೇ ಓನರ್ ಮನೇದು ಕಿತ್ತೆ."