ಪಾಳುಭೂಮಿಯ ಗಣ್ಯರು

ಬಿರುದು ಕೊಡುವ ವಿಷಯದಲ್ಲಿ ರಾಜಸ್ಥಾನ ಸರ್ಕಾರದ್ದು ಧಾರಾಳ ಕೈ. ಬಳ್ಳಾರಿ ಸೀಮೆಯವರು ಎರೆಭೂತ ಎನ್ನುವ ದೊಡ್ಡ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಥಾರ್ ಮರುಭೂಮಿಯಲ್ಲಿ ಗೋಡಾವಣ್. 1981ರಲ್ಲಿ ಅದಕ್ಕೆ ರಾಜ್ಯಪಕ್ಷಿಯ ಪಟ್ಟ ಕಟ್ಟಲಾಯಿತು. ನಾವು ದಸರೆಯಲ್ಲಿ ಪೂಜಿಸುವ ಬನ್ನಿ ಅಲ್ಲಿ ಖೇಜ್ಡಿ ಎಂಬ ಹೆಸರಿನ ರಾಜ್ಯವೃಕ್ಷ. ರೋಹಿಡಾ ರಾಜ್ಯಪುಷ್ಪ, ಚಿಂಕಾರ ಮತ್ತು ಒಂಟೆ ರಾಜ್ಯಪ್ರಾಣಿಗಳು. ಇಷ್ಟು ಮಂದಿ ಗಣ್ಯರು ವಾಸಿಸುವ ನೆಲಕ್ಕೆ ದಫ್ತರದಲ್ಲಿ ಸಿಕ್ಕಿರುವ ಹೆಸರು ಮಾತ್ರ ಪಾಳುಭೂಮಿ. ಉಪಗ್ರಹ ಚಿತ್ರಗಳ ಆಧಾರದ ಮೇಲೆ ಕೇಂದ್ರ ಸರ್ಕಾರ ಪ್ರಕಟಿಸುವ ಪಾಳುಭೂಮಿ ನಕಾಶೆಯಲ್ಲಿ ಮರಳುದಿಣ್ಣೆ, ಕುರುಚಲು ನೆಲ ಎರಡಕ್ಕೂ ಜಾಗ ಮೀಸಲಾಗಿದೆ.

ಮೇಲಿನಿಂದ ನೋಡುವ ಉಪಗ್ರಹಕ್ಕೆ ಕೆಳಗಿನ ವ್ಯವಹಾರ ಕಾಣಬೇಕೆಂದು ನಿರೀಕ್ಷಿಸುವುದು ತಪ್ಪು. ಸೇವಣ ಹುಲ್ಲಿನ ಬಯಲಲ್ಲಿ ಬಿಲ ತೋಡಿಕೊಂಡಿರುವ ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿ, ಬಿಸಿಲೇರಿ ಮೈ ಕಾದ ಮೇಲಷ್ಟೇ ಹೊರಬಂದು ಎಲೆ, ಹೂವು ಮೇಯುತ್ತದೆ. ಚಳಿಗಾಲದಲ್ಲಿ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡು ಒಳಗೇ ಮಲಗುತ್ತದೆ. ಈ ಹಲ್ಲಿಯನ್ನು ನಂಬಿಕೊಂಡು ಮರುಭೂಮಿ ನರಿಯೂ ಲಗ್ಗರ್ ಚಾಣವೂ ಎರೆಭೂತವೂ ಸಂಸಾರ ನಡೆಸುತ್ತವೆ. ಅತ್ತ ಖೇಜ್ಡಿ ಬಲು ಆಳಕ್ಕೆ ಬೇರಿಳಿಸಿ, ಮಣ್ಣಿಗೆ ಸಾರಜನಕ ಸೇರಿಸಿ, ತನ್ನ ಬುಡದ ಸಜ್ಜೆಯನ್ನು ಸೊಂಪಾಗಿ ಬೆಳೆಸುತ್ತದೆ. ಅದರ ಸೊಪ್ಪು ಆಡು, ಒಂಟೆಗಳಿಗೆ, ಆಡಿನ ಹಿಕ್ಕೆ ಮತ್ತೆ ಅದೇ ಹೊಲಕ್ಕೆ. ಇದರಲ್ಲಿ ರಸೀದಿಯಾಗಲಿ, ಟೆಂಡರಾಗಲಿ ಇಲ್ಲದ ಕಾರಣ ನೆಲ ಖಾಲಿ ಬಿದ್ದಿದೆಯೆಂಬ ತೀರ್ಮಾನಕ್ಕೆ ಬರುವುದು ಸುಲಭ.

ಖಾಲಿ ನೆಲವೆಂದ ಮೇಲೆ ತುಂಬಲೇಬೇಕಲ್ಲ! ಭಡ್ಲಾದಲ್ಲಿ ಸುಮಾರು 14,000 ಎಕರೆಯಲ್ಲಿ 2,245 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದೆ. ಸೌರವಿದ್ಯುತ್ ಬೇಡವೆನ್ನುವಷ್ಟು ದಡ್ಡರು ಯಾರೂ ಇಲ್ಲ. ಆದರೆ ವಿದ್ಯುತ್ತು ತಂತಿಯ ಮೇಲೆ ಹೋಗಬೇಕು, ಎರೆಭೂತವೂ ಅದೇ ದಾರಿಯಲ್ಲಿ ಹಾರಬೇಕು. ಹದಿನೈದು ಕಿಲೋವರೆಗೆ ತೂಗುವ, ಎದುರಿನ ನೋಟ ಮಂದವಾಗಿರುವ ಈ ಹಕ್ಕಿಗೆ ತಂತಿ ಕಂಡೊಡನೆ ಪಕ್ಕಕ್ಕೆ ಸರಿಯುವುದು ಆಗದ ಮಾತು. ತಂತಿಗಳನ್ನು ನೆಲದಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದು ಕಾರ್ಯಸಾಧ್ಯವಲ್ಲವೆಂದು ಸರ್ಕಾರ ಅಲವತ್ತುಕೊಂಡ ಮೇಲೆ 2024ರಲ್ಲಿ ವಿಷಯ ತಜ್ಞರ ಸಮಿತಿಗೆ ಹೋಯಿತು. ಈ ನಡುವೆ ಸಮ್ ಮತ್ತು ರಾಮದೇವ್ರಾ ಸಂತಾನವೃದ್ಧಿ ಕೇಂದ್ರಗಳಲ್ಲಿ ಎರೆಭೂತದ ಮರಿಗಳನ್ನು ಅಕ್ಕರೆಯಿಂದ ಸಾಕಲಾಗುತ್ತಿದೆ. ಬೆಳೆದ ಮೇಲೆ ಅವು ತಂತಿಯ ಕೆಳಗೆ ನಡೆದುಕೊಂಡು ಓಡಾಡಬಹುದು.

ರಾಜ್ಯವೃಕ್ಷದ ಮರ್ಯಾದೆಯೂ ಕಡಿಮೆಯದಲ್ಲ. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಲು ಬಿಡದೆ ಅಪ್ಪಿಕೊಂಡು ಬಿಷ್ಣೋಯಿ ಪಂಥದ 363 ಮಂದಿ ಪ್ರಾಣ ಕೊಟ್ಟರು. ರಾಜಸ್ಥಾನದ 1955ರ ಗೇಣಿ ಕಾಯ್ದೆ ಅನುಮತಿಯಿಲ್ಲದೆ ಕಡಿದವರಿಗೆ ಮೊದಲ ತಪ್ಪಿಗೆ ಮರವೊಂದಕ್ಕೆ 100 ರೂಪಾಯಿ ದಂಡ ಗೊತ್ತುಮಾಡಿತು. ಅದೇ ಮರದ ಒಣಗಿಸಿದ ಕಾಯಿ, ಸಾಂಗ್ರಿ, ಈ ಹಣಕ್ಕೆ ಇಂದು ಒಂದು ಕಿಲೋ ಸಿಗುವುದಿಲ್ಲ.

ಬಿರುದು ಪಡೆದು ನಿಜಕ್ಕೂ ಉದ್ಧಾರವಾದದ್ದು ಒಂದೇ ಗಿಡ: ಅಮೆರಿಕ ಖಂಡದಿಂದ ಬಂದ, 1940ರಲ್ಲಿ ಜೋಧಪುರ ಸಂಸ್ಥಾನ ರಾಜಸಸ್ಯವೆಂದು ಸಾರಿದ, ನಮ್ಮ ಹಳೆಯ ಪರಿಚಯದ ಬಳ್ಳಾರಿ ಜಾಲಿ. ಗೋಮಾಳಗಳನ್ನು ನುಂಗಿ, ಹುಲ್ಲನ್ನು ಒತ್ತರಿಸಿ ಅದು ಹಬ್ಬಿದ ಕಡೆಯಲ್ಲೆಲ್ಲ ಉಪಗ್ರಹದ ಕಣ್ಣಿಗೆ ಮರುಭೂಮಿ ಹಸಿರಾಗಿಯೇ ಕಾಣುತ್ತದೆ.