ರೋಡ್ ರನ್ನರ್‌ಗೆ ಫೈಬರ್‌ಗ್ಲಾಸ್ ಬಾನೆಟ್: ಹಾಕಬೇಕೇ, ಬೇಡವೇ?

ಅಮೆರಿಕದ ಮಸಲ್ ಕಾರುಗಳಲ್ಲಿ, ಅಂದರೆ ದೊಡ್ಡ ಎಂಜಿನ್ ಹೊತ್ತ ವೇಗದ ಕಾರುಗಳಲ್ಲಿ, 1969ರ ಪ್ಲಿಮತ್ ರೋಡ್ ರನ್ನರ್‌ಗೆ ಇಂದಿಗೂ ಅಭಿಮಾನಿಗಳು ಹೆಚ್ಚು. ಸಾಮಾನ್ಯ ರೋಡ್ ರನ್ನರ್ ಎಂದರೆ 383 ಕ್ಯೂಬಿಕ್ ಇಂಚಿನ, ನಮ್ಮ ಲೆಕ್ಕದಲ್ಲಿ ಸುಮಾರು 6.3 ಲೀಟರಿನ ವಿ-8 ಎಂಜಿನ್, ಅದರ ಮೇಲೆ ಉಕ್ಕಿನ ಬಾನೆಟ್. ಆ ಉಕ್ಕನ್ನು ಇಳಿಸಿ ಹಗುರವಾದ ಫೈಬರ್‌ಗ್ಲಾಸ್ ಬಾನೆಟ್ ಕೂರಿಸುವುದು ಸರಿಯೇ? ಕಾರನ್ನು ಪ್ರದರ್ಶನಕ್ಕಿಡದೆ ರಸ್ತೆಯಲ್ಲಿ ಓಡಿಸುವವರಲ್ಲಿಯೇ ಇದಕ್ಕೆ ಎರಡು ಉತ್ತರಗಳಿವೆ.

ಪರ: ಭಾರ ಇಳಿಸುವುದು ಈ ಕಾರಿನ ಹುಟ್ಟುಗುಣ

ರೋಡ್ ರನ್ನರ್ ಹುಟ್ಟಿದ್ದೇ ಬೇಡದ್ದನ್ನು ಬಿಟ್ಟು. 1968ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಬೆಲೆ 3,000 ಡಾಲರಿಗಿಂತ ಕಡಿಮೆ ಇತ್ತು. ಮುಂದೆ ಉದ್ದನೆಯ ಬೆಂಚು ಸೀಟು, ನೆಲಕ್ಕೆ ಕಾರ್ಪೆಟ್ ಬದಲು ರಬ್ಬರ್ ಹಾಸು, ಅಲಂಕಾರ ಅಲ್ಪ. ಹಣವೆಲ್ಲ ಎಂಜಿನ್, ಗೇರ್‌ಬಾಕ್ಸ್ ಮತ್ತು ಸಸ್ಪೆನ್ಷನ್‌ಗೆ. ಹೀಗೆ ಹುಟ್ಟಿದ ಕಾರಿನಿಂದ ಇನ್ನಷ್ಟು ಭಾರ ಇಳಿಸಿದರೆ ಅಪಚಾರ ಹೇಗಾಗುತ್ತದೆ?

ಇದಕ್ಕೆ ಸಾಕ್ಷಿ ಹೊರಗೆ ಹುಡುಕಬೇಕಿಲ್ಲ, ಕಂಪನಿಯೇ ಕೊಟ್ಟಿದೆ. 1969ರ ಮಧ್ಯದಲ್ಲಿ ಪ್ಲಿಮತ್ ‘ಎ-12’ ಎಂಬ ಸಂಕೇತದಡಿ ರೋಡ್ ರನ್ನರ್‌ನ ವಿಶೇಷ ಆವೃತ್ತಿಯೊಂದನ್ನು ಹೊರತಂದಿತು. 440 ಕ್ಯೂಬಿಕ್ ಇಂಚಿನ ಎಂಜಿನ್, ಎಂಜಿನ್‌ಗೆ ಗಾಳಿ-ಇಂಧನ ಹಂಚುವ ಎಡಲ್‌ಬ್ರಾಕ್ ಕಂಪನಿಯ ಅಲ್ಯೂಮಿನಿಯಂ ಇನ್‌ಟೇಕ್, ಅದರ ಮೇಲೆ ಸಾಲಾಗಿ ಮೂರು ಹಾಲಿ ಕಾರ್ಬುರೇಟರ್‌ಗಳು, 390 ಅಶ್ವಶಕ್ತಿ. ಚಕ್ರಗಳಿಗೆ ಹಬ್‌ಕ್ಯಾಪ್ ಕೂಡ ಇಲ್ಲದ ಆ ಕಾರಿನಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಬಾನೆಟ್ ಕಡೆಗೆ: ಹೊಳಪಿಲ್ಲದ ಕಪ್ಪು ಬಣ್ಣ, ಬಾಯಿ ತೆರೆದ ದೊಡ್ಡ ಗಾಳಿಗೂಡು, ಹಿಂಜ್‌ಗಳೇ ಇಲ್ಲ, ನಾಲ್ಕು ಮೂಲೆಗೆ ನಾಲ್ಕು ಪಿನ್. ಪಿನ್ ಕಿತ್ತು ಇಬ್ಬರು ಎರಡು ಬದಿ ಹಿಡಿದು ಎತ್ತಿ ಪಕ್ಕಕ್ಕಿಡಬೇಕು. ಆ ಬಾನೆಟ್ ಫೈಬರ್‌ಗ್ಲಾಸಿನದು. ಅದೇ ವರ್ಷ ಡಾಡ್ಜ್ ಸೂಪರ್ ಬೀ ಕೂಡ ಇದೇ ರೂಪದಲ್ಲಿ ಬಂತು.

ಇದು ಮೊದಲನೆಯದೂ ಅಲ್ಲ. ಫೋರ್ಡ್ 1964ರಲ್ಲಿ ಡ್ರ್ಯಾಗ್ ರೇಸಿಗೆಂದೇ, ಅಂದರೆ ನೇರ ದಾರಿಯ ಕಿರು ಓಟಕ್ಕೆಂದೇ, ಕಟ್ಟಿದ ಥಂಡರ್‌ಬೋಲ್ಟ್‌ಗೆ ನಡುವೆ ಉಬ್ಬಿದ ಫೈಬರ್‌ಗ್ಲಾಸ್ ಬಾನೆಟ್ ಇತ್ತು. ಒಳಬದಿಯ ಹೆಡ್‌ಲೈಟುಗಳನ್ನು ತೆಗೆದು ಆ ಜಾಗದಿಂದ ಎಂಜಿನ್‌ಗೆ ಗಾಳಿ ಒಯ್ದಿದ್ದರು. 1968ರಲ್ಲಿ ಕ್ರೈಸ್ಲರ್‌ನ ಬಲಿಷ್ಠ ವಿ-8 ಆದ ಹೆಮಿ ಎಂಜಿನ್ ಹೊತ್ತ ಡಾಡ್ಜ್ ಡಾರ್ಟ್ ಮತ್ತು ಪ್ಲಿಮತ್ ಬ್ಯಾರಕುಡಾ ಕಾರುಗಳಿಗೆ ಬಾನೆಟ್ ಜೊತೆಗೆ ಮುಂದಿನ ಫೆಂಡರ್‌ಗಳೂ ಫೈಬರ್‌ಗ್ಲಾಸಿನವು. 1970ರ ಎಎಆರ್ ಕುಡಾ ಮತ್ತು ಚಾಲೆಂಜರ್ ಟಿ/ಎ ಶೋರೂಮಿಗೆ ಬಂದದ್ದೂ ಫೈಬರ್‌ಗ್ಲಾಸ್ ಬಾನೆಟ್ ಹೊತ್ತೇ. ಆದ್ದರಿಂದ ಫೈಬರ್‌ಗ್ಲಾಸ್ ಎಂದರೆ ಅಗ್ಗದ ನಕಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಲದ ವೇಗದ ಕಾರುಗಳ ಚರಿತ್ರೆಯಲ್ಲಿ ಅದಕ್ಕೆ ಉಕ್ಕಿನಷ್ಟೇ ಹಕ್ಕಿದೆ.

ಇನ್ನು ಭಾರದ ಮಾತು. ಈ ಗಾತ್ರದ ಉಕ್ಕಿನ ಬಾನೆಟ್ ಸುಮಾರು 30 ಕೆ.ಜಿ. ತೂಗುತ್ತದೆ; ಒಳ್ಳೆಯ ಫೈಬರ್‌ಗ್ಲಾಸ್ ಬಾನೆಟ್ ಅದರ ಅರ್ಧದಷ್ಟು. ಹಿಂಜ್ ಮತ್ತು ಸ್ಪ್ರಿಂಗುಗಳನ್ನೂ ಬಿಡುವುದಾದರೆ ಇನ್ನೂ ಕೆಲವು ಕಿಲೋ ಉಳಿಯುತ್ತದೆ. 1,600 ಕೆ.ಜಿ.ಯ ಕಾರಿಗೆ ಇದು ಅತ್ಯಲ್ಪ ಎನ್ನುವವರು ಆ ಭಾರ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಎರಕದ ಕಬ್ಬಿಣದ ವಿ-8 ಹೊತ್ತ ಈ ಕಾರಿನ ಅರ್ಧಕ್ಕಿಂತ ಹೆಚ್ಚು ಭಾರ ಮೊದಲೇ ಮುಂದಿನ ಚಕ್ರಗಳ ಮೇಲಿದೆ. ಬಾನೆಟ್ ಇರುವುದು ಆ ಚಕ್ರಗಳ ನೇರಕ್ಕೆ, ಅದೂ ಎಂಜಿನ್‌ಗಿಂತ ಎತ್ತರದಲ್ಲಿ. ತಿರುವಿನಲ್ಲಿ ಮೂಗು ಹೊರಕ್ಕೆ ಜಾರುವ ಕಾರಿನಿಂದ ಕಿಲೋಗಳನ್ನು ತೆಗೆಯಬೇಕಾದರೆ ಇಂಥ ಕಡೆಯಿಂದಲೇ ತೆಗೆಯಬೇಕು. ಭಾರ ತಗ್ಗಿ ಮೂಗು ಸ್ವಲ್ಪ ಮೇಲೆದ್ದರೆ ಮುಂದಿನ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್‌ನ ಬೋಲ್ಟ್ ತಿರುಗಿಸಿ ಎತ್ತರ ಸರಿಪಡಿಸಬಹುದು. ಪ್ಲಿಮತ್, ಡಾಡ್ಜ್‌ಗಳ ಮಾತೃಸಂಸ್ಥೆ ಕ್ರೈಸ್ಲರ್‌ನ ಆ ಕಾಲದ ಕಾರುಗಳಿಗೆ ಆ ಸೌಲಭ್ಯ ಇದ್ದೇ ಇದೆ.

ಗಾಳಿಯ ಲಾಭ ಬೇರೆ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂನಲ್ಲಿ ಹಳೆಯ ಕಾರುಗಳು ಸಾಲುಗಟ್ಟಿ ತೆವಳುತ್ತವೆ. ವಾಹನೋದ್ಯಮದಲ್ಲಿ ದುಡಿಯುವ ಅಲ್ಲಿನ ಕನ್ನಡಿಗರಿಗೆ ಆ ಮೆರವಣಿಗೆ ಪರಿಚಿತವೇ. ಆ ಸಾಲಿನಲ್ಲಿ ನಿಂತ ಕಾರಿನ ಬಾನೆಟ್ ಅಡಿ ಎಷ್ಟು ಸೆಕೆ ಇರುತ್ತದೆಂದು ಮುಟ್ಟಿ ನೋಡಿದವರಿಗೆ ಗೊತ್ತು. ಒಳಗೆ ಎಳೆದುಕೊಳ್ಳುವ ಗಾಳಿ ಐದಾರು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಶಕ್ತಿ ಶೇಕಡಾ ಒಂದರಷ್ಟು ಏರುತ್ತದೆ ಎಂಬುದು ಎಂಜಿನ್ ಕಟ್ಟುವವರ ರೂಢಿಯ ಲೆಕ್ಕ. ಗಾಳಿಗೂಡು ಇರುವ ಬಾನೆಟ್ಟನ್ನು ಏರ್ ಕ್ಲೀನರ್‌ಗೆ ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕೂಡಿಸಿದರೆ ಎಂಜಿನ್ ಉಸಿರಾಡುವುದು ಹೊರಗಿನ ಗಾಳಿಯನ್ನು.

ನನಗೆ ಎಲ್ಲಕ್ಕಿಂತ ಮುಖ್ಯವಾದ ಕಾರಣ ಮಾತ್ರ ವೇಗವಲ್ಲ. 1969ರಲ್ಲಿ ಒತ್ತಿ ತೆಗೆದ ಮೂಲ ಬಾನೆಟ್ ಇನ್ನೊಂದು ಹುಟ್ಟುವುದಿಲ್ಲ. ಹೆದ್ದಾರಿಯ ಪ್ರತಿಯೊಂದು ಕಲ್ಲುಚೂರು ಅದರ ಮುಂದಂಚಿನ ಬಣ್ಣ ಹಾರಿಸುತ್ತದೆ, ಬಣ್ಣ ಹಾರಿದಲ್ಲಿ ತುಕ್ಕು ಹೊಗುತ್ತದೆ. ಬೋಲ್ಟುಗಳನ್ನು ಬಿಚ್ಚಿ ಅದನ್ನು ಒಣ ಜಾಗದಲ್ಲಿ ಸುತ್ತಿಟ್ಟು, ಓಡಿಸುವ ದಿನಗಳಿಗೆ ಫೈಬರ್‌ಗ್ಲಾಸ್ ಹಾಕಿದರೆ ಕಾರೂ ಓಡುತ್ತದೆ, ಮೂಲವೂ ಉಳಿಯುತ್ತದೆ. ಲೋಹ ಕೊಯ್ಯಬೇಕಿಲ್ಲ, ಬೆಸೆಯಬೇಕಿಲ್ಲ. ಪಿನ್‌ಗಳಿಗೆ ರೇಡಿಯೇಟರ್ ಸಪೋರ್ಟ್‌ನಲ್ಲಿ ಎರಡು ಚಿಕ್ಕ ತೂತು ಸಾಕು. ಮನಸ್ಸು ಬದಲಾದರೆ ಒಂದು ಮಧ್ಯಾಹ್ನದ ಕೆಲಸ. ಓಡಿಸಲು ಅಂಜಿ ಗ್ಯಾರೇಜಿನಲ್ಲೇ ಕೂರಿಸಿದ ಮಸಲ್ ಕಾರುಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಅಂಜಿಕೆಯನ್ನು ಇಷ್ಟಾದರೂ ತಗ್ಗಿಸುವ ಭಾಗವೊಂದನ್ನು ಬೇಡ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ವಿರೋಧ: ಹದಿನೈದು ಕಿಲೋಗೆ ಇಷ್ಟು ಬೆಲೆ ತೆರಬೇಕಿಲ್ಲ

ಎ-12 ಕಾರಿನ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ನಮ್ಮ ಪ್ರಶ್ನೆ ಇರುವುದು 383ರ ಬಗ್ಗೆ. ಎ-12ರಲ್ಲಿ ಆ ಬಾನೆಟ್ ಒಂಟಿಯಾಗಿ ಬರಲಿಲ್ಲ. ಮೂರು ಕಾರ್ಬುರೇಟರ್‌ಗಳ 440 ಎಂಜಿನ್, ಡಾನಾ 60 ಎಂಬ ಗಟ್ಟಿಮುಟ್ಟಾದ ಹಿಂದಿನ ಆಕ್ಸಲ್, ಅದರಲ್ಲಿ ವೇಗವಾಗಿ ಹೊರಡಲು ನೆರವಾಗುವ 4.10 ಅನುಪಾತದ ಗೇರ್, ಇವೆಲ್ಲದರ ಜೊತೆಗೆ ಬಂತು. ಅಲ್ಲಿ ಪ್ರತಿ ಭಾಗವೂ ಉಳಿದ ಭಾಗಗಳಿಗೆ ಉತ್ತರ ಹೇಳುತ್ತಿತ್ತು. 383ರ ಮೇಲೆ ಅದೇ ಕಪ್ಪು ಬಾನೆಟ್ ಇಟ್ಟರೆ ಕಾರು ತಾನು ಅಲ್ಲದ್ದನ್ನು ಹೇಳಿಕೊಂಡಂತಾಗುತ್ತದೆ. ತಿಳಿದವರು ಒಮ್ಮೆ ವಿಂಡ್‌ಶೀಲ್ಡ್‌ನೊಳಗೆ ಇಣುಕಿದರೆ ಸಾಕು: ಡ್ಯಾಶ್‌ಬೋರ್ಡ್ ಮೇಲಿನ ಗುರುತಿನ ಸಂಖ್ಯೆಯಲ್ಲಿ ಐದನೆಯ ಸ್ಥಾನದಲ್ಲಿ ‘ಎಂ’ ಇದ್ದರೆ ಎ-12, ‘ಎಚ್’ ಇದ್ದರೆ 383.

ಲೆಕ್ಕಕ್ಕೆ ಬರೋಣ. ಕಾಲು ಮೈಲಿಯ ಓಟದಲ್ಲಿ 45 ಕೆ.ಜಿ. ಇಳಿಸಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಯುತ್ತದೆ ಎಂಬುದು ಡ್ರ್ಯಾಗ್ ರೇಸಿನವರ ಹಳೆಯ ಸೂತ್ರ. ಹಾಗಾದರೆ 15 ಕೆ.ಜಿ.ಗೆ ಸಿಗುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ಗೆರೆ ದಾಟುವ ಗಂಟೆಗೆ 160 ಕಿ.ಮೀ. ವೇಗದಲ್ಲಿ ಅದು ಒಂದೂವರೆ ಮೀಟರ್‌ನಷ್ಟು ಮುನ್ನಡೆ. ಪಂದ್ಯಕ್ಕೆಂದೇ ಕಾರು ಕಟ್ಟುವವನಿಗೆ ಅದು ಗೆಲುವು-ಸೋಲಿನ ಅಂತರ, ಅವನೊಂದಿಗೆ ನನಗೆ ಜಗಳವಿಲ್ಲ. ರಸ್ತೆಯಲ್ಲಿ ಓಡಿಸುವವನು ಗೇರ್ ಬದಲಿಸುವಾಗ ಒಮ್ಮೆ ತಡವರಿಸಿದರೆ ಅದರ ಹಲವು ಪಟ್ಟು ಸಮಯ ಹೋಗುತ್ತದೆ. ಈ ಕಾರಿನ ಪೆಟ್ರೋಲ್ ಟ್ಯಾಂಕ್ 19 ಗ್ಯಾಲನ್, ಅಂದರೆ 72 ಲೀಟರ್ ಹಿಡಿಯುತ್ತದೆ. ಅದನ್ನು ಅರ್ಧ ಮಾತ್ರ ತುಂಬಿದರೂ 25 ಕೆ.ಜಿ.ಗಿಂತ ಹೆಚ್ಚು ಇಳಿಯುತ್ತದೆ. ಅದು ಹಿಂದಿನ ಭಾರ, ಇದು ಮುಂದಿನ ಭಾರ ಎಂಬ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೂ 300 ಕೆ.ಜಿ.ಯ ಆಸುಪಾಸಿನ ಎಂಜಿನ್ ಹಾಗೆಯೇ ಕೂತಿರುವಾಗ, ಅದರ ಮೇಲಿನ ಹೊದಿಕೆ ಹಗುರವಾಯಿತೆಂದು ತಿರುವಿನಲ್ಲಿ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ ಎಂದು ನಾನು ನಂಬುವುದಿಲ್ಲ.

ತಣ್ಣನೆಯ ಗಾಳಿಗೂ ಫೈಬರ್‌ಗ್ಲಾಸ್ ಬೇಕಿಲ್ಲ. 1969ರಲ್ಲಿ ಪ್ಲಿಮತ್ ಹೊರಗಿನ ಗಾಳಿಯನ್ನು ಎಂಜಿನ್‌ಗೆ ಒಯ್ಯುವ ‘ಏರ್ ಗ್ರ್ಯಾಬರ್’ ಎಂಬ ವ್ಯವಸ್ಥೆಯನ್ನು ಉಕ್ಕಿನ ಬಾನೆಟ್ಟಿನಲ್ಲೇ ಕೊಡುತ್ತಿತ್ತು.

ನನ್ನ ನಿಜವಾದ ಆತಂಕ ಸುರಕ್ಷತೆಯದು. ಓಡುವ ಕಾರಿನ ಗ್ರಿಲ್ ಮೂಲಕ ನುಗ್ಗಿದ ಗಾಳಿ ಬಾನೆಟ್ಟನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಉಕ್ಕಿನ ಬಾನೆಟ್ಟಿಗೆ ಒಳಚೌಕಟ್ಟು ಇದೆ, ಮುಖ್ಯ ಚಿಲಕ ಇದೆ, ಅದು ಜಾರಿದರೆ ಹಿಡಿಯಲು ಎರಡನೆಯ ಕೊಕ್ಕೆ ಇದೆ. ಮುಂದಿನಿಂದ ತೆರೆಯುವ ಬಾನೆಟ್ಟಿಗೆ ಈ ಎರಡನೆಯ ಹಿಡಿತ ಇರಲೇಬೇಕೆಂದು ಅಮೆರಿಕದ ಕೇಂದ್ರ ಸುರಕ್ಷತಾ ಮಾನದಂಡ 113 ವಿಧಿಸುತ್ತದೆ. ಅದು ಜಾರಿಗೆ ಬಂದದ್ದೂ 1969ರಲ್ಲೇ. ಪಿನ್ ಹಾಕುವ ಬಾನೆಟ್ಟಿನಲ್ಲಿ ಈ ಹೊಣೆಯೆಲ್ಲ ಮಾಲೀಕನ ನೆನಪಿನ ಮೇಲೆ ಬೀಳುತ್ತದೆ. ಮುಂದಿನ ಒಂದು ಕ್ಲಿಪ್ ಮರೆತರೆ, ಅಥವಾ ಹಳೆಯ ಚಿಲಕವನ್ನು ತೆಳುವಾದ ಹಾಳೆಗೆ ಗಟ್ಟಿ ಆಧಾರವಿಲ್ಲದೆ ಕೂಡಿಸಿದ್ದರೆ, ಹೆದ್ದಾರಿಯಲ್ಲಿ ಅದು ಕಿತ್ತೆದ್ದು ವಿಂಡ್‌ಶೀಲ್ಡ್‌ಗೆ ಬಡಿಯುತ್ತದೆ. ಹಿಂದೆ ಬರುವ ಕಾರಿನಲ್ಲಿ ಮಕ್ಕಳಿರಬಹುದು.

ಹಿಂಜ್ ಉಳಿಸಿಕೊಂಡರೆ ಇನ್ನೊಂದು ತೊಂದರೆ. ಮೂಲ ಸ್ಪ್ರಿಂಗುಗಳು 30 ಕೆ.ಜಿ. ಎತ್ತಲು ಮಾಡಿದಂಥವು. ಅರ್ಧ ಭಾರದ ಬಾನೆಟ್ಟನ್ನು ಅವು ಮುಚ್ಚಿದಾಗಲೂ ಮೇಲಕ್ಕೆ ಒತ್ತುತ್ತಲೇ ಇರುತ್ತವೆ. ದಿನ ಕಳೆದಂತೆ ಹಿಂಭಾಗ ಉಬ್ಬುತ್ತದೆ, ಹಿಂಜ್ ಕೂರುವ ಜಾಗದಲ್ಲಿ ಜೇಡರ ಬಲೆಯಂಥ ಬಿರುಕು ಏಳುತ್ತದೆ. ಸ್ಪ್ರಿಂಗ್ ಬದಲಿಸಲೇಬೇಕು. ಎಂಜಿನ್‌ನ ಸೆಕೆಗೆ, ಗಾಜಿನ ನಾರನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಮೆತ್ತಗಾಗಿ ನಡುವೆ ಬಾಗುವುದೂ ಉಂಟು. ಕಾರ್ಬುರೇಟರ್‌ನಿಂದ ಬೆಂಕಿ ಎದ್ದರೆ ಉಕ್ಕು ಉರಿಯುವುದಿಲ್ಲ, ರೆಸಿನ್ ಉರಿಯುತ್ತದೆ.

ಅಚ್ಚಿನಿಂದ ಬಂದ ಬಾನೆಟ್ ಹಾಗೇ ಕೂರುವುದೂ ಅಪರೂಪ. ಒಂದು ಬದಿ ಸಂದು ಹೆಚ್ಚು, ಇನ್ನೊಂದು ಬದಿ ಫೆಂಡರ್‌ಗೆ ತಾಗುತ್ತದೆ. ಉಜ್ಜಬೇಕು, ತುಂಬಬೇಕು, ಮತ್ತೆ ಉಜ್ಜಬೇಕು. ರೆಸಿನ್ ಪೂರ್ತಿ ಗಟ್ಟಿಯಾಗುವ ಮೊದಲು ಬಣ್ಣ ಹೊಡೆದರೆ, ಅದು ಕುಗ್ಗಿದಂತೆ ಒಳಗಿನ ನಾರಿನ ಹೆಣಿಗೆ ಬಣ್ಣದ ಮೇಲೆ ಮೂಡುತ್ತದೆ. ಸಣ್ಣದೊಂದು ತೊಡಕೂ ಇದೆ: ಉಕ್ಕಿನ ಬಾನೆಟ್ ಸ್ಪಾರ್ಕಿನ ವಿದ್ಯುತ್ ಸದ್ದನ್ನು ತಡೆಯುತ್ತದೆ, ಫೈಬರ್‌ಗ್ಲಾಸ್ ತಡೆಯುವುದಿಲ್ಲ. ಫೈಬರ್‌ಗ್ಲಾಸ್ ಮೈಯ ಕಾರ್ವೆಟ್‌ಗೆ ರೇಡಿಯೋ ಬೇಕೆಂದವರಿಗೆ ಷೆವರ್ಲೆ ಇಗ್ನಿಷನ್ ಸುತ್ತ ಲೋಹದ ಕವಚ ಕೊಡುತ್ತಿದ್ದದ್ದು ಇದಕ್ಕೇ.

ಮೂಲ ಬಾನೆಟ್ಟನ್ನು ಸುತ್ತಿಟ್ಟು ಕಾಪಾಡುತ್ತೇವೆ ಎಂಬ ವಾದ ಕೇಳಲು ಚೆನ್ನ. ಆದರೆ ಕಾರಿನಿಂದ ಬಿಡಿಯಾದ ಭಾಗಕ್ಕೆ ಕಾರಿನ ರಕ್ಷಣೆ ಇರುವುದಿಲ್ಲ. ಗ್ಯಾರೇಜಿನ ಗೋಡೆಗೆ ಒರಗಿಸಿದ ತಗಡಿನ ಮೇಲೆ ಏಣಿ ಬೀಳುತ್ತದೆ, ಮನೆ ಬದಲಾಗುತ್ತದೆ, ಕಾರು ಮಾರಾಟವಾದಾಗ ಅದು ಹಿಂದೆಯೇ ಉಳಿಯುತ್ತದೆ. ಕಲ್ಲುಚೂರಿನ ಭಯವಿದ್ದರೆ ಮುಂದಂಚಿಗೆ ಪಾರದರ್ಶಕ ರಕ್ಷಣಾ ಹಾಳೆ ಅಂಟಿಸಿ.

ಭಾರ ಇಳಿಸಲೇಬೇಕೆಂಬ ಹಟವಿದ್ದರೆ ಬಾನೆಟ್ ಕೆಳಗೆ ಬೇಕಾದಷ್ಟು ಅವಕಾಶವಿದೆ. ಕಬ್ಬಿಣದ ಇನ್‌ಟೇಕ್ ತೆಗೆದು ಅಲ್ಯೂಮಿನಿಯಂನದು ಹಾಕಿ. ಸುಮಾರು ಹತ್ತು ಕಿಲೋ ಅಲ್ಲೇ ಹೋಗುತ್ತದೆ. ಎರಕದ ಎಕ್ಸಾಸ್ಟ್ ಬದಲು ಕೊಳವೆಯ ಹೆಡರ್ ಹಾಕಿ. ಕೈಯಲ್ಲಿ ಹಣವಿದ್ದರೆ ಸಿಲಿಂಡರ್ ಹೆಡ್‌ಗಳನ್ನೂ ಅಲ್ಯೂಮಿನಿಯಂಗೆ ಬದಲಿಸಿ. ಬಾನೆಟ್ಟಿನಿಂದ ಉಳಿಯುವುದಕ್ಕಿಂತ ಹೆಚ್ಚು ಭಾರ ಇಳಿಯುತ್ತದೆ, ಅದೂ ಅದೇ ಮುಂದಿನ ಚಕ್ರಗಳ ಮೇಲಿಂದ. ಇವು ಭಾರ ಇಳಿಸುವುದಷ್ಟೇ ಅಲ್ಲ, ಅಶ್ವಶಕ್ತಿಯನ್ನೂ ಏರಿಸುತ್ತವೆ. ಬ್ಯಾಟರಿಯನ್ನು ಡಿಕ್ಕಿಗೆ ಒಯ್ಯಬಹುದು; ದಪ್ಪ ಕೇಬಲ್, ಫ್ಯೂಸ್ ಮತ್ತು ವಿದ್ಯುತ್ ಕಡಿತದ ಸ್ವಿಚ್ ಮರೆಯಬಾರದು. ಈ ಕೆಲಸಗಳನ್ನೆಲ್ಲ ಮಾಡಿ ಮುಗಿಸಿದ ಮೇಲೂ ಇನ್ನೂ ಹದಿನೈದು ಕಿಲೋ ಇಳಿಯಲೇಬೇಕು ಎನ್ನುವ ಪಂದ್ಯದ ಕಾರು ನಿಮ್ಮದಾದರೆ, ಆಗ ಬಾನೆಟ್ ಬಿಚ್ಚಿ.